ಪೇಟೆ ಬಿಟ್ಟು ಊರಿಗೆ ಬಂದ ಮೇಲೆ ಮನೆಯ ಹಣಕಾಸು: ಕಲಬುರಗಿ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್‌ಗಳಲ್ಲಿ ವರ್ಷಗಟ್ಟಲೆ ದುಡಿದು ತಮ್ಮ ಊರಿಗೆ ಮರಳುವ ಕುಟುಂಬಗಳಿಗಾಗಿ ಇದನ್ನು ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಕಲಬುರಗಿ ಜಿಲ್ಲೆಯ ಮಳೆಯಾಶ್ರಿತ ತೊಗರಿ, ಜೋಳದ ಹೊಲಗಳವು. ಬೀದರಿನಲ್ಲಿ ಸೋಯಾ, ಕಬ್ಬು ಬೆಳೆಯುವವರು, ಯಾದಗಿರಿಯಲ್ಲಿ ನಾರಾಯಣಪುರ ಕಾಲುವೆಯ ನೀರಿಗೆ ಭತ್ತ ಹಚ್ಚುವವರು ತಿಂಗಳುಗಳನ್ನು ತಮ್ಮ ಬೆಳೆಗೆ ಹೊಂದಿಸಿಕೊಂಡು ಓದಬೇಕು.

ಊರಲ್ಲಿ ಬಾಡಿಗೆ ಇಲ್ಲ, ಜೋಳ ಮನೆಯದೇ. ಖರ್ಚು ಅರ್ಧಕ್ಕೆ ಇಳಿಯುತ್ತದೆ ಎಂದುಕೊಳ್ಳಬಹುದೇ?

ಮೊದಲ ವರ್ಷ ಹಾಗೆ ಅಂದುಕೊಳ್ಳಬೇಡಿ. ಬಾಡಿಗೆ ಉಳಿಯುವುದು ನಿಜ, ಅದು ದೊಡ್ಡ ಉಳಿತಾಯವೇ. ಆದರೆ ಪೇಟೆಯಲ್ಲಿ ಇಲ್ಲದ ಖರ್ಚುಗಳು ಇಲ್ಲಿ ಹುಟ್ಟಿಕೊಳ್ಳುತ್ತವೆ. ಒಂದು ಪಹಣಿಗೆ, ಒಂದು ಔಷಧಕ್ಕೆ, ಮೋಟಾರಿನ ಒಂದು ಬಿಡಿಭಾಗಕ್ಕೆ ತಾಲ್ಲೂಕು ಕೇಂದ್ರಕ್ಕೆ ಹೋಗಿ ಬರಬೇಕು, ಅದೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಬೈಕಿನ ಪೆಟ್ರೋಲು ತಿಂಗಳ ಕೊನೆಗೆ ಬೆಚ್ಚಿ ಬೀಳಿಸುತ್ತದೆ. ಹಳೆಯ ಮನೆ ದುರಸ್ತಿ ಕೇಳುತ್ತದೆ. ಬಳಗದ ಮದುವೆ, ಜಾವಳ, ಜಾತ್ರೆಗಳಿಗೆ ಪೇಟೆಯಲ್ಲಿದ್ದಾಗ ಫೋನಿನಲ್ಲೇ ಶುಭ ಕೋರಿ ಮುಗಿಸುತ್ತಿದ್ದವರು ಈಗ ಖುದ್ದಾಗಿ ನಿಲ್ಲಬೇಕು.

ಎರಡನೆಯ ವರ್ಷದಿಂದ ಖರ್ಚು ಇಳಿಯುತ್ತದೆ. ಆ ಹೊತ್ತಿಗೆ ಯಾವ ಸಂತೆಯಲ್ಲಿ ಏನು ಅಗ್ಗ, ಯಾವ ಕಚೇರಿಯ ಕೆಲಸಕ್ಕೆ ಯಾವ ಕಾಗದ ಬೇಕು ಎಂಬುದು ತಿಳಿದಿರುತ್ತದೆ. ಹಾಗಾಗಿ ಪೇಟೆಯಲ್ಲಿ ತಿಂಗಳಿಗೆ ಎಷ್ಟು ಖರ್ಚಾಗುತ್ತಿತ್ತೋ ಅದರಿಂದ ಬಾಡಿಗೆಯನ್ನಷ್ಟೇ ಕಳೆದು, ಉಳಿದದ್ದೆಲ್ಲ ಹಾಗೆಯೇ ಇರುತ್ತದೆ ಎಂದು ಲೆಕ್ಕ ಹಾಕಿ ಬನ್ನಿ.

ತಿಂಗಳ ಸಂಬಳ ನಿಂತಿದೆ. ಮನೆಯ ಲೆಕ್ಕವನ್ನು ಹೇಗೆ ಇಡಬೇಕು?

ಪೇಟೆಯ ಬದುಕಿಗೂ ಇಲ್ಲಿನದಕ್ಕೂ ಇರುವ ನಿಜವಾದ ವ್ಯತ್ಯಾಸ ಇದೊಂದೇ, ಆದ್ದರಿಂದ ಇದನ್ನು ನಿಧಾನವಾಗಿ ಹೇಳುತ್ತೇನೆ. ಅಲ್ಲಿ ಹಣ ತಿಂಗಳಿಗೊಮ್ಮೆ ಬರುತ್ತಿತ್ತು, ಖರ್ಚೂ ತಿಂಗಳ ಲೆಕ್ಕದಲ್ಲಿತ್ತು. ಇಲ್ಲಿ ಖರ್ಚು ಪ್ರತಿದಿನದ್ದು, ಹಣ ಮಾತ್ರ ವರ್ಷಕ್ಕೆ ಒಂದೆರಡು ಸಲ ಗಂಟಾಗಿ ಬರುತ್ತದೆ.

ನಮ್ಮ ಕಡೆಯ ವರ್ಷವನ್ನು ಕಣ್ಣ ಮುಂದೆ ತಂದುಕೊಳ್ಳಿ. ಏಪ್ರಿಲ್, ಮೇ ತಿಂಗಳು ಮದುವೆಗಳ ಕಾಲ, ಹೊಲ ಹರಗಿ ಹದ ಮಾಡುವ ಕಾಲ. ಜೂನ್‌ನಲ್ಲಿ ಬೀಜ, ಗೊಬ್ಬರ, ಮಕ್ಕಳ ಶಾಲೆಯ ಶುಲ್ಕ ಮೂರೂ ಒಟ್ಟಿಗೆ ಎರಗುತ್ತವೆ. ಜುಲೈ, ಆಗಸ್ಟ್‌ನಲ್ಲಿ ಎಡೆ ಹೊಡೆಯುವುದು, ಕಳೆ ತೆಗೆಸುವುದು. ಹೆಸರು, ಉದ್ದು ಹಾಕಿದವರಿಗೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ಸ್ವಲ್ಪ ಹಣ ಕಾಣುತ್ತದೆ, ಮಳೆ ಹಿಡಿದರೆ ಅದೂ ಇಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಿಂಗಾರಿ ಜೋಳದ ಬಿತ್ತನೆ, ಆಮೇಲೆ ತೊಗರಿಗೆ ಕಾಯಿಕೊರಕದ ಔಷಧ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿ ಬರುವ ಹೊತ್ತಿಗೆ ಕೈ ಪೂರ್ತಿ ಖಾಲಿಯಾಗಿರುತ್ತದೆ. ತೊಗರಿ ರಾಶಿಯ ಹಣ ಕೈ ಸೇರುವುದು ಡಿಸೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ. ಜೋಳ, ಕಡಲೆ ಅದರ ಹಿಂದೆಯೇ ಬರುತ್ತವೆ.

ಅಂದರೆ ಜನವರಿಯಲ್ಲಿ ಬಂದ ಗಂಟು ಮುಂದಿನ ಜನವರಿಯವರೆಗೆ ಬಾಳಬೇಕು. ಇದಕ್ಕೆ ನಾನು ಎಲ್ಲರಿಗೂ ಹೇಳುವ ದಾರಿ ಹೀಗಿದೆ. ಎರಡು ಬ್ಯಾಂಕ್ ಖಾತೆ ಇಡಿ, ಒಂದು ಹೊಲದ್ದು, ಇನ್ನೊಂದು ಮನೆಯದ್ದು. ಮಾಲು ಮಾರಿದ ಹಣ, ಬೆಳೆ ಸಾಲ, ವಿಮೆಯ ಪರಿಹಾರ, ಬೀಜ ಗೊಬ್ಬರದ ಖರ್ಚು ಎಲ್ಲವೂ ಹೊಲದ ಖಾತೆಯಲ್ಲೇ ನಡೆಯಲಿ. ರಾಶಿಯ ಹಣ ಬಂದ ವಾರದಲ್ಲೇ ಮೊದಲು ಸಾಲ ತೀರಿಸಿ. ಆಮೇಲೆ ಜೂನ್‌ಗೆ ಬೇಕಾಗುವ ಬಿತ್ತನೆಯ ಹಣವನ್ನು ಐದಾರು ತಿಂಗಳ ಠೇವಣಿಯಾಗಿ ಕಟ್ಟಿಬಿಡಿ, ಕೈಗೆ ಸಿಗದಂತೆ. ಉಳಿದದ್ದನ್ನು ಹನ್ನೆರಡರಿಂದ ಭಾಗಿಸಿ. ಆ ಮೊತ್ತ ಮಾತ್ರ ಪ್ರತಿ ತಿಂಗಳ ಒಂದನೆಯ ತಾರೀಖು ಹೊಲದ ಖಾತೆಯಿಂದ ಮನೆಯ ಖಾತೆಗೆ ಹೋಗಲಿ. ಬ್ಯಾಂಕಿನಲ್ಲಿ ಒಮ್ಮೆ ಬರೆದುಕೊಟ್ಟರೆ ಅದು ತಾನಾಗಿಯೇ ವರ್ಗವಾಗುತ್ತದೆ. ಹೀಗೆ ಹೊಲವೇ ನಿಮಗೆ ಸಂಬಳ ಕೊಡುವಂತಾಗುತ್ತದೆ, ಮನೆಯವರಿಗೂ ಹಳೆಯ ಶಿಸ್ತು ತಪ್ಪುವುದಿಲ್ಲ.

ಹನ್ನೆರಡರಿಂದ ಭಾಗಿಸಿದಾಗ ಬರುವ ಅಂಕಿ ಚಿಕ್ಕದಾಗಿರುತ್ತದೆ. ಚಿಕ್ಕದಾಗಿದೆ ಎಂಬುದು ಜನವರಿಯಲ್ಲೇ ಗೊತ್ತಾಗುವುದು ಒಳ್ಳೆಯದು. ಆಗಸ್ಟ್‌ನಲ್ಲಿ ಗೊತ್ತಾದರೆ ಸಾಲವೊಂದೇ ದಾರಿ.

ಐದು ಎಕರೆ ಒಣಬೇಸಾಯದಿಂದ ಸಂಸಾರ ನಡೆಯುತ್ತದೆಯೇ?

ಅಂಕಿಯಲ್ಲಿ ನೋಡೋಣ. ಇದು ಬರೀ ಉದಾಹರಣೆ, ನಿಮ್ಮ ಹೊಲದ ಅಂಕಿಗಳನ್ನು ಹಾಕಿ ಮತ್ತೆ ಮಾಡಿ. ಐದು ಎಕರೆ ತೊಗರಿ, ಎಕರೆಗೆ ನಾಲ್ಕು ಕ್ವಿಂಟಲ್, ಕ್ವಿಂಟಲಿಗೆ 7,000 ರೂಪಾಯಿ ಎಂದರೆ ಒಟ್ಟು 1,40,000. ಟ್ರ್ಯಾಕ್ಟರ್ ಬಾಡಿಗೆ, ಬೀಜ, ಗೊಬ್ಬರ, ಔಷಧ, ಕೂಲಿ, ರಾಶಿ ಯಂತ್ರ, ಸಾಗಣೆ ಸೇರಿ ಎಕರೆಗೆ 14,000 ಎಂದರೆ ಖರ್ಚು 70,000. ಉಳಿದದ್ದು 70,000, ತಿಂಗಳಿಗೆ ಆರು ಸಾವಿರಕ್ಕೂ ಕಡಿಮೆ. ದರ 10,000 ಸಿಕ್ಕರೆ ಉಳಿಯುವುದು 1,30,000. ಇಳುವರಿ ಎರಡು ಕ್ವಿಂಟಲಿಗೆ ಬಿದ್ದರೆ, ಅದೇ 7,000ದ ದರದಲ್ಲಿ ಖರ್ಚಿಗೆ ಸರಿಯಾಯಿತು, ಕೈಗೆ ಒಂದು ರೂಪಾಯಿಯೂ ಇಲ್ಲ.

ಹೀಗೆ ಇಳುವರಿ ಬೀಳುವುದು ಅಪರೂಪದ ಸಂಗತಿಯಲ್ಲ. 2022ರ ಮುಂಗಾರಿನ ತೊಗರಿ ನೆಟೆ ರೋಗಕ್ಕೆ ಒಣಗಿದ್ದನ್ನು, 2025ರ ಮಳೆಗಾಲದಲ್ಲಿ ಭೀಮಾ ನದಿ ದಂಡೆಯ ಹೊಲಗಳು ಮುಳುಗಿದ್ದನ್ನು ಈ ಭಾಗದವರೆಲ್ಲ ಕಂಡಿದ್ದಾರೆ. ಆದ್ದರಿಂದ ನೇರವಾಗಿ ಹೇಳುತ್ತೇನೆ: ಐದು ಎಕರೆ ಒಣಭೂಮಿಯನ್ನೇ ನಂಬಿ ಮಕ್ಕಳಿರುವ ಕುಟುಂಬ ಊರಿಗೆ ಬರಬಾರದು. ಅದರ ಜೊತೆಗೆ ತಿಂಗಳಿಗೊಮ್ಮೆ ಬರುವ ಇನ್ನೊಂದು ಆದಾಯ ಬೇಕು. ಎರಡು ಎಮ್ಮೆ, ಹೊಲಿಗೆ, ಕಿರಾಣಿ ಅಂಗಡಿ, ತಾಲ್ಲೂಕಿನಲ್ಲಿ ಲೆಕ್ಕ ಬರೆಯುವ ಕೆಲಸ, ಸೇಡಂ, ಚಿತ್ತಾಪುರ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ನೌಕರಿ, ಏನಾದರೂ ಸರಿ. ಹಾಲಿನ ಹಣ ವಾರಕ್ಕೋ ಹದಿನೈದು ದಿನಕ್ಕೋ ಬರುತ್ತದೆ, ಕಿರಾಣಿ ಖರ್ಚಿಗೆ ಅದು ಸರಿಯಾಗಿ ಹೊಂದುತ್ತದೆ.

ತುರ್ತು ನಿಧಿ ಎಷ್ಟಿರಬೇಕು?

ಸಂಬಳದವರಿಗೆ ಆರು ತಿಂಗಳ ಖರ್ಚು ಸಾಕು ಎನ್ನುತ್ತಾರೆ. ಇಲ್ಲಿ ಅದು ಸಾಲದು. ಒಂದು ತೊಗರಿ ಬೆಳೆ ಕೈಕೊಟ್ಟರೆ ಮುಂದಿನ ಹಣಕ್ಕೆ ಒಂದು ವರ್ಷ ಕಾಯಬೇಕು, ನಡುವೆ ಮತ್ತೊಮ್ಮೆ ಬಿತ್ತನೆಯ ಖರ್ಚೂ ಬರುತ್ತದೆ. ಒಂದು ವರ್ಷದ ಮನೆ ಖರ್ಚು ಮತ್ತು ಒಂದು ಬಿತ್ತನೆಯ ಖರ್ಚು, ಇಷ್ಟನ್ನು ಮುಟ್ಟದೆ ಇಡಲು ಸಾಧ್ಯವಾದ ಮೇಲೆಯೇ ಪೇಟೆಯ ಕೆಲಸ ಬಿಡಿ. ಬ್ಯಾಂಕಿನಲ್ಲಿ ಪ್ರತಿ ಠೇವಣಿದಾರರಿಗೆ ಒಂದು ಬ್ಯಾಂಕಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ನೋಂದಣಿ ಇಲ್ಲದ ಚೀಟಿಗೂ ಊರಿನ ಸಾಹುಕಾರರ ಬಳಿ ಇಟ್ಟ ಹಣಕ್ಕೂ ಅಂಥ ರಕ್ಷಣೆ ಇಲ್ಲ.

ತೊಗರಿಯನ್ನು ರಾಶಿಯಾದ ಕೂಡಲೇ ಮಾರಬೇಕೇ, ಇಟ್ಟು ಮಾರಬೇಕೇ?

ದರ ಏರುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು. 2024ರಲ್ಲಿ ಕ್ವಿಂಟಲಿಗೆ 10,000 ದಾಟಿದ್ದ ತೊಗರಿ, 2025ರ ಆರಂಭದಲ್ಲಿ ಹೊಸ ಮಾಲು ಬಂದಾಗ 7,550 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000ಕ್ಕೆ ಖರೀದಿ ಮಾಡಬೇಕಾಯಿತು. 2025-26ಕ್ಕೆ ಕೇಂದ್ರದ ಬೆಂಬಲ ಬೆಲೆಯೇ 8,000. ನಮ್ಮ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದ್ದರೂ ಮೊಜಾಂಬಿಕ್, ಮ್ಯಾನ್ಮಾರ್‌ಗಳಿಂದ ಬರುವ ಮಾಲು ಕಲಬುರಗಿ ಮಾರುಕಟ್ಟೆಯ ದರವನ್ನು ಅಲುಗಾಡಿಸುತ್ತದೆ.

ಮನೆಯ ಲೆಕ್ಕದ ದೃಷ್ಟಿಯಿಂದ ನನ್ನ ಸಲಹೆ ಇಷ್ಟು: ಸಾಲ ತೀರಿಸಲು ಮತ್ತು ಮುಂದಿನ ಆರು ತಿಂಗಳ ಮನೆ ಖರ್ಚಿಗೆ ಬೇಕಾದಷ್ಟನ್ನು ಮೊದಲು ಮಾರಿ. ಉಳಿದದ್ದನ್ನು ಕಾಯಲು ಬಿಡಿ. ಕಾಯುವಾಗಲೂ ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಬಿಡುವ ಬದಲು ಉಗ್ರಾಣದಲ್ಲಿ ಇಟ್ಟು ರಸೀದಿ ಪಡೆಯಿರಿ, ಆ ರಸೀದಿಯ ಮೇಲೆ ಬ್ಯಾಂಕ್ ಸಾಲ ಸಿಗುತ್ತದೆ. ಬೆಂಬಲ ಬೆಲೆಗೆ ಕೊಡುವುದಾದರೆ ಖರೀದಿ ಕೇಂದ್ರದಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು. ಎಕರೆಗೆ ಇಂತಿಷ್ಟು ಎಂಬ ಮಿತಿ ಇರುತ್ತದೆ, ಹಣ ಬರಲು ತಡವಾಗಬಹುದು. ಆ ತಡವನ್ನು ತಡೆದುಕೊಳ್ಳುವಷ್ಟು ಕೈಯಲ್ಲಿರಬೇಕು.

ಉಣ್ಣಲು ಬೇಕಾದ ಜೋಳ, ಬೇಳೆಯನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಲಾಭವೇ?

ಹೌದು, ಯೋಚನೆಯೇ ಬೇಡ. ವರ್ಷದ ಜೋಳ, ತೊಗರಿ, ಕಡಲೆ, ಶೇಂಗಾ ತೆಗೆದಿಟ್ಟ ಮೇಲೆಯೇ ಮಾರುವ ಮಾತು. ಮನೆಯ ಹಿಂದೆ ಎರಡು ಸಾಲು ಪುಂಡಿ, ಬದನೆ, ಮೆಣಸಿನಕಾಯಿ ಇದ್ದರೆ ಸಂತೆಯ ಚೀಲ ಹಗುರಾಗುತ್ತದೆ.

ಬಂದ ಕೂಡಲೇ ಯಾವ ಕಾಗದಪತ್ರ ಸರಿ ಮಾಡಿಕೊಳ್ಳಬೇಕು?

ಎಲ್ಲಕ್ಕಿಂತ ಮೊದಲು ಪಹಣಿ. ಹೊಲ ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಬೆಳೆ ಸಾಲ, ವಿಮೆ, ಪರಿಹಾರ, ಬೆಂಬಲ ಬೆಲೆಯ ಮಾರಾಟ ಎಲ್ಲಕ್ಕೂ ತೊಡಕು. ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರ ಸಮೇತ ಪೌತಿ ಖಾತೆಗೆ, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಎಲ್ಲರ ಹೆಸರೂ ಅದರಲ್ಲಿ ಬರಬೇಕು. ಯಾರನ್ನಾದರೂ ಬಿಟ್ಟು ಮಾಡಿದ ಕೆಲಸ ಮುಂದೆ ನ್ಯಾಯಾಲಯದಲ್ಲಿ ಹೊಲಕ್ಕಿಂತ ಹೆಚ್ಚು ಹಣ ತಿನ್ನುತ್ತದೆ.

ಪಹಣಿ ಸರಿಯಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ (ಸರ್ಕಾರದ ರೈತ ನೋಂದಣಿ) ಗುರುತಿನ ಸಂಖ್ಯೆ ಮಾಡಿಸಿ, ನಿಮ್ಮ ಎಲ್ಲ ಸರ್ವೆ ನಂಬರ್‌ಗಳೂ ಅದಕ್ಕೆ ಜೋಡಣೆಯಾಗಿವೆಯೇ ನೋಡಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲದಲ್ಲಿ ನಿಜವಾಗಿ ಇರುವ ಬೆಳೆಯೇ ದಾಖಲಾಗಬೇಕು. ತೊಗರಿ ಬಿತ್ತಿದ ಹೊಲದಲ್ಲಿ ಹೆಸರು ಎಂದು ದಾಖಲಾದರೆ ವಿಮೆಯೂ ಖರೀದಿಯೂ ಕೈತಪ್ಪುತ್ತವೆ. ಆಮೇಲೆ ಆಧಾರ್ ವಿಳಾಸ, ಪಡಿತರ ಚೀಟಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಊರಿನ ಮನೆಗೆ ಪಂಚಾಯಿತಿಯಲ್ಲಿ ಇ-ಸ್ವತ್ತು ನಮೂನೆಗಳನ್ನು ಮಾಡಿಸಿಡಿ, ಮನೆಯ ಮೇಲೆ ಸಾಲ ಬೇಕಾದಾಗ ಬ್ಯಾಂಕ್ ಕೇಳುವುದು ಅದನ್ನೇ.

ಪಿಎಂ ಕಿಸಾನ್ ಹಣ ವರ್ಷಕ್ಕೆ ಮೂರು ಕಂತಿನಲ್ಲಿ 6,000 ರೂಪಾಯಿ. 2019ರ ಫೆಬ್ರುವರಿ 1ರ ನಂತರ ಹೊಲ ಹೆಸರಿಗೆ ಬಂದಿದ್ದರೆ, ಅದು ಹಿರಿಯರ ನಿಧನದಿಂದ ವಾರಸುದಾರಿಕೆಯಾಗಿ ಬಂದದ್ದಾದರೆ ಮಾತ್ರ ಇದು ಸಿಗುತ್ತದೆ. ಕೊಂಡ ಹೊಲಕ್ಕೆ ಸಿಗದು.

ಗೃಹಲಕ್ಷ್ಮಿ, ಗೃಹಜ್ಯೋತಿ, ಶಕ್ತಿ ಇವನ್ನೆಲ್ಲ ಆದಾಯವೆಂದು ಬರೆದುಕೊಳ್ಳಬಹುದೇ?

ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುತ್ತದೆ. ಆಕೆಯಾಗಲಿ ಪತಿಯಾಗಲಿ ಆದಾಯ ತೆರಿಗೆ ಪಾವತಿಸುವವರಾಗಿದ್ದರೆ ಸಿಗುವುದಿಲ್ಲ. ಪೇಟೆಯಲ್ಲಿ ತೆರಿಗೆ ಕಟ್ಟುತ್ತಿದ್ದವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಈ ಹಣ ಬಂದರೂ ಕಂತುಗಳು ಕೆಲವೊಮ್ಮೆ ತಡವಾಗಿ, ಒಟ್ಟಾಗಿ ಬರುತ್ತವೆ. ಹಾಗಾಗಿ ಕಿರಾಣಿಯ ಲೆಕ್ಕಕ್ಕೆ ಇದನ್ನು ಸೇರಿಸದೆ, ಆಕೆಯ ಹೆಸರಿನಲ್ಲೇ ಆವರ್ತ ಠೇವಣಿಯಾಗಿ ಬೆಳೆಸಿದರೆ ಒಳ್ಳೆಯದು. ಹಣ ಆಕೆಯದು, ತೀರ್ಮಾನವೂ ಆಕೆಯದೇ ಇರಲಿ.

ಗೃಹಜ್ಯೋತಿಯಲ್ಲಿ ಗರಿಷ್ಠ 200 ಯೂನಿಟ್ ಎಂದಿದ್ದರೂ ನಿಮಗೆ ಸಿಗುವ ಉಚಿತ ಪ್ರಮಾಣ ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ. ವರ್ಷಗಟ್ಟಲೆ ಬೀಗ ಹಾಕಿದ್ದ ಮನೆಗೆ ಬಂದು ಏಪ್ರಿಲ್, ಮೇ ಬಿಸಿಲಿಗೆ ಕೂಲರ್ ಹಚ್ಚಿದರೆ ಜೆಸ್ಕಾಂ ಬಿಲ್ಲು ಬಂದೇ ಬರುತ್ತದೆ. ಬೆಂಗಳೂರಿನ ಬಾಡಿಗೆ ಮನೆಯ ಮೀಟರಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ಮೊದಲು ಅದನ್ನು ಬಿಡಿಸಿ, ನಂತರ ಇಲ್ಲಿ ನೋಂದಾಯಿಸಿ.

ಶಕ್ತಿ ಯೋಜನೆ ನಮ್ಮ ಭಾಗದ ಹೆಣ್ಣುಮಕ್ಕಳಿಗೆ ನಿಜವಾದ ಉಳಿತಾಯ. ತಾಲ್ಲೂಕಿನ ಕೆಲಸಗಳಲ್ಲಿ ಅರ್ಧವನ್ನು ಮನೆಯಾಕೆ ವಹಿಸಿಕೊಂಡರೆ ಪೆಟ್ರೋಲಿನ ಹಣ ಉಳಿಯುತ್ತದೆ. ಸೊಲ್ಲಾಪುರ, ಹೈದರಾಬಾದ್ ಕಡೆಗೆ ಹೋಗುವ ಅಂತರರಾಜ್ಯ ಬಸ್‌ಗಳಲ್ಲಿ ಇದು ನಡೆಯುವುದಿಲ್ಲ.

ಬಿತ್ತನೆಗೆ ಹಣ ಸಾಲದು. ಎಲ್ಲಿ ಸಾಲ ಮಾಡುವುದು ಉತ್ತಮ?

ಮೊದಲ ಬಾಗಿಲು ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. 2023-24ರಿಂದ 5 ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಬೆಳೆ ಸಾಲಕ್ಕೆ ಸಕಾಲದಲ್ಲಿ ತೀರಿಸಿದವರಿಗೆ ಬಡ್ಡಿ ಇಲ್ಲ. ಹೊಸ ಸದಸ್ಯರಿಗೆ ಕೂಡಲೇ ದೊಡ್ಡ ಮೊತ್ತ ಸಿಗುವುದಿಲ್ಲ, ಆದ್ದರಿಂದ ಬಂದ ವರ್ಷವೇ ಷೇರು ಕಟ್ಟಿ ಸದಸ್ಯರಾಗಿ. ಎರಡನೆಯದು ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್. 3 ಲಕ್ಷದವರೆಗೆ ಬಡ್ಡಿ ಶೇ 7, ಗಡುವಿನೊಳಗೆ ತೀರಿಸಿದರೆ ಶೇ 3ರ ರಿಯಾಯಿತಿ ಸಿಕ್ಕಿ ಶೇ 4ಕ್ಕೆ ಇಳಿಯುತ್ತದೆ. ಗ್ರಾಮೀಣ ಬ್ಯಾಂಕಿನಲ್ಲಿ ಹಳೆಯ ಖಾತೆ ಇದ್ದವರು ಗಮನಿಸಿ: 2025ರ ಮೇ 1ರಿಂದ ರಾಜ್ಯದ ಎರಡೂ ಗ್ರಾಮೀಣ ಬ್ಯಾಂಕ್‌ಗಳು ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಎಂಬ ಒಂದೇ ಬ್ಯಾಂಕ್ ಆಗಿವೆ. ಹಳೆಯ ಪಾಸ್‌ಬುಕ್ ಒಯ್ದು ಖಾತೆಯ ವಿವರ ಹೊಸದಾಗಿ ಬರೆಸಿಕೊಳ್ಳಿ.

ಎರಡೂ ಕಡೆ ಗಡುವಿನ ದಿನವೇ ಮುಖ್ಯ. ಒಂದು ದಿನ ತಪ್ಪಿದರೂ ರಿಯಾಯಿತಿ ಹೋಗುತ್ತದೆ.

ಅಡತಿ ಅಂಗಡಿಯವರು ಕೇಳಿದಷ್ಟು ಕೊಡುತ್ತಾರೆ, ಕಾಗದವೂ ಬೇಡ. ಅದು ಸುಲಭವಲ್ಲವೇ?

ಪಡೆಯಲು ಸುಲಭ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ವರ್ಷಕ್ಕೆ ಶೇ 36. ಜೂನ್‌ನಲ್ಲಿ ತಂದ 50,000ಕ್ಕೆ ತಿಂಗಳಿಗೆ 1,500ರಂತೆ ಎಂಟು ತಿಂಗಳಿಗೆ 12,000 ಬಡ್ಡಿ. ಮೇಲಿನ ಉದಾಹರಣೆಯ ದರದಲ್ಲಿ ಅದು ಒಂದೂಮುಕ್ಕಾಲು ಕ್ವಿಂಟಲ್ ತೊಗರಿ, ಸುಮಾರು ಅರ್ಧ ಎಕರೆಯ ಫಸಲು. ಬಡ್ಡಿಗಿಂತ ಭಾರವಾದದ್ದು ಅದರ ಜೊತೆಗಿನ ಕಟ್ಟುಪಾಡು: ಮಾಲನ್ನು ಅದೇ ಅಂಗಡಿಗೆ, ಅವರು ಹೇಳಿದ ದಿನ ಹಾಕಬೇಕು. ದರಕ್ಕಾಗಿ ಕಾಯುವ ಸ್ವಾತಂತ್ರ್ಯ ಅಲ್ಲಿಗೆ ಮುಗಿಯಿತು. ಬೀಜ, ಗೊಬ್ಬರವನ್ನು ಉದ್ರಿ ತಂದರೂ ನಗದು ದರ ಎಷ್ಟು, ಉದ್ರಿ ದರ ಎಷ್ಟು ಎಂದು ಕೇಳಿ ಬರೆದುಕೊಳ್ಳಿ.

ಮೈಕ್ರೋಫೈನಾನ್ಸ್ ಸಾಲವನ್ನು ಕೃಷಿಗೆ ತರಬೇಡಿ ಎಂದು ಕೈಮುಗಿದು ಕೇಳುತ್ತೇನೆ. ವಾರಕ್ಕೋ ತಿಂಗಳಿಗೋ ಕಂತು ಕೇಳುವ ಸಾಲಕ್ಕೂ ವರ್ಷಕ್ಕೊಮ್ಮೆ ಹಣ ಕೊಡುವ ಹೊಲಕ್ಕೂ ಹೊಂದಿಕೆಯೇ ಇಲ್ಲ. ಒಂದರ ಕಂತಿಗೆ ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಮನೆಯ ಹೆಣ್ಣುಮಕ್ಕಳ ಹೆಸರಿನಲ್ಲಿ ಸಾಲ ಬೆಳೆಯುತ್ತದೆ. ಈಗಾಗಲೇ ಇದ್ದರೆ ತಿಳಿದಿರಲಿ: ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ವಸೂಲಿಗೆ ಬೆದರಿಕೆ, ಮನೆ ಮುಂದೆ ಕೂಗಾಟ ಮಾಡುವುದರ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ, ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಇದಕ್ಕಿಂತ ಸ್ತ್ರೀ ಸ್ವಸಹಾಯ ಸಂಘ ಎಷ್ಟೋ ಮೇಲು, ಉಳಿತಾಯವೂ ಆಗುತ್ತದೆ. ಬೀದರ್ ಜಿಲ್ಲೆಯ ಸಹಕಾರಿ ಬ್ಯಾಂಕ್ ಇಂಥ ಸಂಘಗಳಿಗೆ ಸಾಲ ಕೊಟ್ಟು ನಾಡಿಗೇ ಹೆಸರಾದದ್ದು.

ಬೆಳೆ ವಿಮೆ ಕಟ್ಟಿದರೂ ಹಣ ಬರುವುದಿಲ್ಲ ಎನ್ನುತ್ತಾರೆ. ಕಟ್ಟಬೇಕೇ?

ಕಟ್ಟಬೇಕು. ಮುಂಗಾರಿನ ಆಹಾರ ಬೆಳೆಗಳಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5 ಮಾತ್ರ ರೈತರ ಪಾಲು. ಹತ್ತಿಯಂಥ ವಾಣಿಜ್ಯ ಬೆಳೆಗೆ ಶೇ 5. ಹಣ ಬಾರದಿರುವುದಕ್ಕೆ ಮುಖ್ಯ ಕಾರಣ ಪರಿಹಾರದ ಲೆಕ್ಕ ನಿಮ್ಮೊಬ್ಬರ ಹೊಲದ್ದಾಗಿರದೆ ಇಡೀ ಗ್ರಾಮ ಪಂಚಾಯಿತಿ ಅಥವಾ ಹೋಬಳಿಯ ಬೆಳೆ ಕಟಾವು ಪ್ರಯೋಗದ (ಆಯ್ದ ಕೆಲವು ಹೊಲಗಳಲ್ಲಿ ಕೊಯ್ದು ಇಳುವರಿ ಅಳೆಯುವುದು) ಮೇಲೆ ನಿಲ್ಲುವುದು. ಆಲಿಕಲ್ಲು ಮಳೆಯಂಥ ಸ್ಥಳೀಯ ಹಾನಿಯಾದರೆ, ಕೊಯ್ದು ಒಣಗಲು ಬಿಟ್ಟ ಬೆಳೆ ಹದಿನಾಲ್ಕು ದಿನದೊಳಗೆ ಅಕಾಲಿಕ ಮಳೆಗೆ ಹಾಳಾದರೆ ಮಾತ್ರ ನಿಮ್ಮ ಹೊಲದ ಲೆಕ್ಕವೇ ನಡೆಯುತ್ತದೆ. ಆಗ 72 ಗಂಟೆಯೊಳಗೆ ತಿಳಿಸಲೇಬೇಕು, ಸಹಾಯವಾಣಿ 14447. ಹೊಲದ ಚಿತ್ರ ತೆಗೆದಿಟ್ಟುಕೊಳ್ಳಿ.

ಸರ್ಕಾರದ ವಿಪತ್ತು ಪರಿಹಾರವನ್ನೇ ನಂಬುವವರು ಒಮ್ಮೆ ಲೆಕ್ಕ ನೋಡಬೇಕು. ಕೇಂದ್ರದ ಮಾನದಂಡದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಎಕರೆಗೆ ಸುಮಾರು 3,400. ರಾಜ್ಯ ಕೆಲವೊಮ್ಮೆ ತನ್ನ ಪಾಲು ಸೇರಿಸುತ್ತದೆ, ಆದರೂ ಬಿತ್ತಿದ ಖರ್ಚು ಹುಟ್ಟುವುದು ಕಷ್ಟ.

ಪಿಎಫ್ ಹಣ ತೆಗೆದು ಬೋರ್‌ವೆಲ್ ಕೊರೆಸುವ ಆಲೋಚನೆ ಇದೆ. ಹೇಗೆ?

ಬೇಡ. ಊರಿಗೆ ಬಂದವರ ಉಳಿತಾಯ ಅತಿ ಬೇಗ ಕರಗುವುದು ಇಲ್ಲೇ. ನಮ್ಮ ಜಿಲ್ಲೆಯ ಬಹುಭಾಗ ಕರಿ ಮಣ್ಣಿನ ಕೆಳಗೆ ಅಗ್ನಿಶಿಲೆಯ ಪದರ, ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಸುಣ್ಣದಕಲ್ಲು. ನೀರು ಬಿರುಕುಗಳಲ್ಲಿ ಮಾತ್ರ ಸಿಗುತ್ತದೆ. ಪಕ್ಕದ ಹೊಲದಲ್ಲಿ ನೀರು ಬಿದ್ದದ್ದು ನಿಮ್ಮ ಹೊಲಕ್ಕೆ ಖಾತರಿಯಾಗದು. ಒಂದು ಬತ್ತಿದರೆ ಎರಡನೆಯದು, ಆಮೇಲೆ ಪೈಪು, ಮೋಟಾರು ಎಂದು ಖರ್ಚು ಹಿಗ್ಗುತ್ತದೆ. ಕೃಷಿ ಹೊಂಡಕ್ಕೆ ಕೃಷಿ ಇಲಾಖೆಯ ಸಹಾಯಧನವಿದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಸಣ್ಣ ರೈತರಿಗೆ ನಿಗಮಗಳ ಗಂಗಾ ಕಲ್ಯಾಣ ಯೋಜನೆಯಿದೆ. ಮೊದಲು ಆ ಬಾಗಿಲುಗಳನ್ನು ತಟ್ಟಿ. ಕೊರೆಸಲೇಬೇಕೆಂದರೆ ಎರಡು ಬೆಳೆಗಳ ಲಾಭದಿಂದ ಕೊರೆಸಿ.

ಪಿಎಫ್ ವಿಷಯದಲ್ಲಿ ಇನ್ನೆರಡು ಮಾತು. ಸತತ ಐದು ವರ್ಷದ ಸೇವೆ ಮುಗಿಯುವ ಮೊದಲೇ ತೆಗೆದರೆ ಅದಕ್ಕೆ ತೆರಿಗೆ ಬೀಳುತ್ತದೆ. ಹತ್ತು ವರ್ಷದ ಸೇವೆ ಪೂರೈಸಿದ್ದರೆ 58ನೆಯ ವಯಸ್ಸಿನಿಂದ ಪಿಂಚಣಿಯ ಹಕ್ಕಿದೆ. ಒಂಬತ್ತು ವರ್ಷ ದುಡಿದವರು ಊರಿನ ಹಂಬಲದಲ್ಲಿ ಕೆಲವೇ ತಿಂಗಳು ಮುಂಚೆ ಬಿಟ್ಟು ಬರುವುದನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ.

ಹಳೆಯ ಮಾಳಿಗೆ ಮನೆ ಕೆಡವಿ ಹೊಸದು ಕಟ್ಟಬೇಕೇ?

ಮೊದಲೆರಡು ವರ್ಷ ಬೇಡ. ಮೇ ತಿಂಗಳಲ್ಲಿ ಮಾಳಿಗೆಯ ಮಣ್ಣು ಸರಿಪಡಿಸಿ, ಸೋರುವ ಕಡೆ ಮುಚ್ಚಿಸಿ, ಶೌಚಾಲಯ ಮತ್ತು ನೀರಿನ ವ್ಯವಸ್ಥೆಗೆ ಖರ್ಚು ಮಾಡಿ. ದಪ್ಪ ಗೋಡೆಯ ಮನೆ ಇಲ್ಲಿನ ಬಿಸಿಲಿಗೆ ಸಿಮೆಂಟ್ ಮನೆಗಿಂತ ತಂಪಾಗಿರುತ್ತದೆ. ಗೋಡೆ ಬಿರಿದು ಅಪಾಯವಿದ್ದರೆ ಮಾತು ಬೇರೆ.

ಆಸ್ಪತ್ರೆ ಖರ್ಚಿಗೆ ಏನು ಏರ್ಪಾಡು? ಕಂಪನಿಯ ವಿಮೆ ಈಗ ಇಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇ 30, ಗರಿಷ್ಠ 1.5 ಲಕ್ಷ. ತುರ್ತು ಇಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು, ಇದನ್ನು ಮರೆತು ನೇರವಾಗಿ ಹೋದವರು ಪೂರ್ತಿ ಬಿಲ್ಲು ಕಟ್ಟುತ್ತಾರೆ. ಹೃದಯದ ತೊಂದರೆಗೆ ಹೈದರಾಬಾದ್, ಸೊಲ್ಲಾಪುರಕ್ಕೆ ಓಡುವ ಮುನ್ನ ಕಲಬುರಗಿಯಲ್ಲೇ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ 371 ಹಾಸಿಗೆಯ ಜಯದೇವ ಆಸ್ಪತ್ರೆಯನ್ನು ನೆನಪಿಡಿ. ಬೀದರ್, ಯಾದಗಿರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ.

ಕೆಲಸ ಬಿಡುವ ಮೊದಲೇ, ಆರೋಗ್ಯ ಚೆನ್ನಾಗಿರುವಾಗಲೇ ಕುಟುಂಬಕ್ಕೆ ಒಂದು ಸ್ವಂತ ಆರೋಗ್ಯ ವಿಮೆ ಮಾಡಿಸಿಕೊಂಡು ಬನ್ನಿ. ಬ್ಯಾಂಕ್ ಖಾತೆಯಿಂದಲೇ ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ಜೀವ ವಿಮೆ, 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ. ಹಾವು, ಟ್ರ್ಯಾಕ್ಟರ್, ವಿದ್ಯುತ್ ತಂತಿಗಳ ನಡುವೆ ಓಡಾಡುವವರಿಗೆ ಆ 20 ರೂಪಾಯಿ ಕಟ್ಟದಿರಲು ಕಾರಣವೇ ಇಲ್ಲ.

ಹೊಲ ತಮ್ಮನೇ ಮಾಡುತ್ತಿದ್ದ. ಈಗ ನಾವು ಬಂದಿದ್ದೇವೆ. ಹಣದ ಮಾತು ಹೇಗೆ ಎತ್ತುವುದು?

ನೀವು ಪೇಟೆಯಲ್ಲಿದ್ದಷ್ಟು ವರ್ಷ ತಮ್ಮ ಹೊಲದ ಜೊತೆಗೆ ಅಪ್ಪ ಅವ್ವನ ಔಷಧ, ಊಟ, ಬಂದುಹೋಗುವವರ ಚಹಾವನ್ನೂ ನೋಡಿಕೊಂಡಿದ್ದಾನೆ. ಮೊದಲು ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಿ. ಬಂದ ವರ್ಷವೇ ಪಾಲು ಕೇಳಬೇಡಿ. ಯುಗಾದಿಯಿಂದ ಯುಗಾದಿಗೆ ಒಂದು ವರ್ಷ ಕೂಡಿ ದುಡಿದು, ಖರ್ಚು ಯಾರು ಎಷ್ಟು ಹಾಕಿದರು, ರಾಶಿ ಎಷ್ಟಾಯಿತು ಎಂಬುದನ್ನು ಒಂದೇ ವಹಿಯಲ್ಲಿ ಬರೆಯಿರಿ, ವಹಿ ಅವ್ವನ ಬಳಿ ಇರಲಿ. ಅಪ್ಪ ಅವ್ವನ ತಿಂಗಳ ಖರ್ಚಿಗೆ ಎಲ್ಲ ಮಕ್ಕಳಿಂದ ಇಷ್ಟು ಎಂದು ನಿಗದಿಯಾಗಲಿ, ಅದು ಅವರ ಖಾತೆಗೇ ಹೋಗಲಿ. ಇಳಿವಯಸ್ಸಿನಲ್ಲಿ ಅವರು ಮಕ್ಕಳ ಮುಂದೆ ಕೈಚಾಚುವಂತಾಗಬಾರದು.

ಹೊಲವನ್ನು ಬೇರೆಯವರಿಗೆ ಪಾಲಿಗೋ ಲಾವಣಿಗೋ ಕೊಡುವ ರೂಢಿ ಎಲ್ಲೆಡೆ ಇದೆ. ಆದರೆ ಕರ್ನಾಟಕ ಭೂ ಸುಧಾರಣಾ ಕಾಯ್ದೆ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದನ್ನು, ಸೈನಿಕರಂಥ ಕೆಲವರನ್ನು ಬಿಟ್ಟು, ನಿಷೇಧಿಸಿದೆ. ಕೊಡುವ ಮೊದಲು ತಿಳಿದ ವಕೀಲರನ್ನು ಕೇಳಿ.

ಮದುವೆ, ಜಾತ್ರೆ, ಆಯೇರಿಯ ಖರ್ಚಿಗೆ ಮಿತಿ ಹಾಕುವುದು ಹೇಗೆ? ಊರಲ್ಲಿ ಮರ್ಯಾದೆಯ ಪ್ರಶ್ನೆ.

ವರ್ಷಕ್ಕೆ ಒಂದು ಮೊತ್ತ ಗೊತ್ತುಮಾಡಿ ಜನವರಿಯಲ್ಲೇ ಬೇರೆ ತೆಗೆದಿಡಿ. ನಿಮ್ಮ ಮನೆಯ ಕಾರ್ಯಕ್ಕೆ ಯಾರು ಎಷ್ಟು ಆಯೇರಿ ಮಾಡಿದ್ದಾರೆ ಎಂಬ ಹಳೆಯ ಪಟ್ಟಿ ಮನೆಯಲ್ಲಿರುತ್ತದೆ, ಹಿರಿಯರನ್ನು ಕೇಳಿ ತೆಗೆಸಿ. ಅದರಂತೆ ತಿರುಗಿಸಿದರೆ ಸಾಕು, ಪೇಟೆಯಿಂದ ಬಂದವರೆಂದು ಹೆಚ್ಚು ಕೊಡಬೇಕಾಗಿಲ್ಲ. ಮದುವೆಯ ಹಿಂದಿನ ದಿನವೇ ಹೋಗಿ ದುಡಿದು ಬಂದವರನ್ನು ನಮ್ಮ ಜನ ಹಣ ಕೊಟ್ಟವರಿಗಿಂತ ಹೆಚ್ಚು ದಿನ ನೆನೆಯುತ್ತಾರೆ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಲ್ಲವೇ? ಲೆಕ್ಕ ಸಲ್ಲಿಸಬೇಕೇ?

ಬೆಳೆಯ ಆದಾಯಕ್ಕೆ ತೆರಿಗೆ ಇಲ್ಲ. ಹಾಲು, ಕೋಳಿ, ಅಂಗಡಿ, ಮನೆಯಿಂದ ಮಾಡುವ ಕಂಪ್ಯೂಟರ್ ಕೆಲಸ, ಠೇವಣಿ ಬಡ್ಡಿ ಇವು ಕೃಷಿ ಆದಾಯದಲ್ಲಿ ಬರುವುದಿಲ್ಲ. ಇಂಥ ಆದಾಯ ಮೂಲ ವಿನಾಯಿತಿ ಮಿತಿ ದಾಟಿ, ಕೃಷಿ ಆದಾಯ 5,000 ರೂಪಾಯಿಗಿಂತ ಹೆಚ್ಚಿದ್ದರೆ, ತೆರಿಗೆಯ ದರ ನಿರ್ಧರಿಸಲು ಎರಡನ್ನೂ ಕೂಡಿಸುತ್ತಾರೆ. ಕೆಲಸ ಬಿಟ್ಟ ವರ್ಷ ಸಂಬಳದಲ್ಲಿ ಹೆಚ್ಚು ತೆರಿಗೆ ಮುರಿದಿರುವ ಸಂಭವವಿದೆ, ವಿವರ ಸಲ್ಲಿಸಿ ಮರಳಿ ಪಡೆಯಿರಿ. ಮಾರುಕಟ್ಟೆಯ ಬಿಲ್ಲುಗಳನ್ನು ಎಸೆಯಬೇಡಿ.

ಮಕ್ಕಳ ಓದು ಇಲ್ಲಿ ನಡೆಯುತ್ತದೆಯೇ?

ಇದು ದೊಡ್ಡ ವಿಷಯ, ಹಣದ ಭಾಗವನ್ನಷ್ಟೇ ಹೇಳುತ್ತೇನೆ. ಕಲಬುರಗಿಯಲ್ಲಿ ಮನೆ ಮಾಡಿ ಮಕ್ಕಳನ್ನು ಓದಿಸಿದರೆ ಎರಡು ಸಂಸಾರದ ಖರ್ಚು, ಊರಿಗೆ ಬಂದ ಉಳಿತಾಯವೆಲ್ಲ ಅಲ್ಲಿಗೆ ಹೋಗುತ್ತದೆ. ಬರುವ ಮೊದಲೇ ಇದನ್ನು ತೀರ್ಮಾನಿಸಿ. ಸಂವಿಧಾನದ 371ಜೆ ವಿಧಿಯ ಅಡಿ ಈ ಭಾಗದವರಿಗೆ ವೃತ್ತಿಪರ ಶಿಕ್ಷಣದಲ್ಲೂ ನೇಮಕಾತಿಯಲ್ಲೂ ಮೀಸಲಾತಿ ಇದೆ, ಇಲ್ಲಿನ ಸಿ ದರ್ಜೆಯ ಹುದ್ದೆಗಳಲ್ಲಿ ಶೇ 80ರಷ್ಟು. ಹೊರಗೆ ಹುಟ್ಟಿ ಬೆಳೆದ ನಿಮ್ಮ ಮಕ್ಕಳಿಗೆ ಅರ್ಹತಾ ಪ್ರಮಾಣಪತ್ರ ಸಿಗುತ್ತದೆಯೇ ಎಂದು ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಈಗಲೇ ವಿಚಾರಿಸಿ, ನಿಮ್ಮ ಸ್ವಂತ ಶಾಲೆಯ ದಾಖಲೆಗಳನ್ನು ಹುಡುಕಿಡಿ. ಸೀಟು ಸಿಗುವ ವರ್ಷ ಓಡಾಡಿದರೆ ತಡವಾಗುತ್ತದೆ.

ಲೆಕ್ಕ ಸರಿಹೋಗುತ್ತಿಲ್ಲ ಎಂದು ಯಾವಾಗ ತಿಳಿಯಬೇಕು?

ಎರಡು ಗುರುತುಗಳಿವೆ. ಜೂನ್‌ಗೆಂದು ಕಟ್ಟಿಟ್ಟ ಬಿತ್ತನೆಯ ಠೇವಣಿಯನ್ನು ಮನೆ ಖರ್ಚಿಗೆ ಮುರಿದರೆ ಒಂದು. ಹಳೆಯ ಬೆಳೆ ಸಾಲ ತೀರಿಸಲು ಹೊಸ ಕೈಗಡ ತಂದರೆ ಎರಡು. ಇದರಲ್ಲಿ ಯಾವುದಾದರೂ ಸತತ ಎರಡು ವರ್ಷ ನಡೆದರೆ ಮೂರನೆಯ ಬಿತ್ತನೆಗೆ ಕಾಯದೆ ಮನೆಯ ಒಬ್ಬರು ಸಂಬಳದ ಕೆಲಸಕ್ಕೆ ಸೇರಬೇಕು. ಕಲಬುರಗಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಅದು ನಾಚಿಕೆಯ ವಿಷಯವಲ್ಲ. ಅದಕ್ಕಾಗಿಯೇ ಹಳೆಯ ಕಚೇರಿಯ ಅನುಭವ ಪತ್ರ, ಪಿಎಫ್ ಸಂಖ್ಯೆ, ಮೊಬೈಲ್ ನಂಬರ್ ಇವನ್ನು ಕಳೆದುಕೊಳ್ಳದೆ ಇಟ್ಟುಕೊಳ್ಳಿ, ಪೇಟೆಯ ಬ್ಯಾಂಕ್ ಖಾತೆಯನ್ನು ಮುಚ್ಚದೆ ಊರಿನ ಹತ್ತಿರದ ಶಾಖೆಗೆ ವರ್ಗ ಮಾಡಿಸಿಕೊಳ್ಳಿ.